ಹಗ್ಗ ಬಿಚ್ಚಿದವನು

ಪಿರೇಯಸ್ ಬಂದರಿನಲ್ಲಿ ಮೂವತ್ತೆಂಟು ವರ್ಷ ಹಡಗುಗಳ ಹಗ್ಗ ಕಟ್ಟಿ ಬಿಚ್ಚಿದ ಪಾಂಡೆಲಿಸ್ ಮಹಾಶಯ ತಾನು ಒಮ್ಮೆಯೂ ಹಡಗು ಹತ್ತಿದವನಲ್ಲ. ಹೆಂಡತಿ ಅಸಿಮಿನಾ ಪ್ರತಿ ಬೇಸಿಗೆಯಲ್ಲೂ ಅಮೋರ್ಗೋಸ್ ದ್ವೀಪಕ್ಕೆ ಹೋಗೋಣವೆಂದರೆ, "ಈಗ ಕೆಲಸ ಜಾಸ್ತಿ, ಮುಂದಿನ್ ವರ್ಷ ನೋಡೋಣ ಕಣೇ" ಎನ್ನುತ್ತಿದ್ದ. ನಿವೃತ್ತನಾದ ವರ್ಷ, ಆಗಸ್ಟ್‌ನಲ್ಲಿ, ಅಂತೂ ಇಂತೂ ಹೊರಟರು. ಆಗಲೇ ಅಲ್ಲಿನ ಬೇಸಿಗೆಯ ಹಾಳು ಬಡಗಣ ಗಾಳಿ ಎದ್ದು ಹಡಗುಗಳೆಲ್ಲ ನಿಂತುಹೋದವು. ಎರಡು ದಿನ ಬಂದರಿನಲ್ಲೇ ಪೆಟ್ಟಿಗೆಯ ಮೇಲೆ ಕೂತು ಎಳ್ಳು ಹಚ್ಚಿದ ರೊಟ್ಟಿ ತಿಂದರು.

"ನನ್ ಹಣೆಬರಹ! ಗಾಳೀನೂ ನಿನ್ ಕಡೇನೇ," ಎಂದಳು ಅಸಿಮಿನಾ.

ಮೂರನೆಯ ದಿನ ಹತ್ತಿದರು. ಅವಳು ಹಡಗಿನ ಮೇಲಂತಸ್ತಿಗೆ ಹೋದಳು. ಇವನು ಹಳೇ ಚಾಳಿ ಬಿಡದೆ ದಡಕ್ಕೆ ಚಾಚಿದ್ದ ಕೆಳಬಾಗಿಲಲ್ಲೇ ನಿಂತ. ಹೊರಡುವಾಗ ದಡದ ಗೂಟಕ್ಕೆ ಹಗ್ಗ ಸಿಕ್ಕಿಕೊಂಡು ಕೆಲಸದವನು ತಡಕಾಡುತ್ತಿದ್ದ.

"ಹಂಗಲ್ಲ ಕಣಯ್ಯಾ, ಬಿಡಿಲ್ಲಿ!" ಎಂದು ಪಾಂಡೆಲಿಸ್ ದಡಕ್ಕೆ ಓಡಿ ಹಗ್ಗ ಬಿಚ್ಚಿದ. ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹಡಗು ದಡ ಬಿಟ್ಟಿತ್ತು.

ಮೇಲೆ ಅಸಿಮಿನಾ ಕಂಬಿ ಹಿಡಿದು ನಿಂತಿದ್ದಳು. ಬಂದರಿನ ಯಾವನೋ ಆಳಿಗೆ ಬೀಸುವ ಹಾಗೆ ಒಮ್ಮೆ ಕೈ ಬೀಸಿ, ದ್ವೀಪದ ಕಡೆಗೆ ತಿರುಗಿ ನಿಂತಳು.