ಬ್ಯಾಂಕಿನಲ್ಲಿ ಒಡಪು

ಎಲೆತೋಟದ ದುಡ್ಡು ಮನೆಯಲ್ಲಿದ್ದರೆ ನನ್ನ ಮೈದುನ ಮೋಟಾರುಗಾಡಿ ಕೊಳ್ಳುತ್ತಾನೆಂದು ಹೆದರಿ, ಅತ್ತೆಯವರು ತಮ್ಮ ಹೆಸರಿನಲ್ಲಿ ಖಾತೆ ತೆರೆಯಲು ನನ್ನನ್ನು ಸವಣೂರಿನ ಹೊಸ ಬ್ಯಾಂಕಿಗೆ ಕರೆದೊಯ್ದರು.

“ಯಜಮಾನರ ಹೆಸರೇನ್ರಿ?” ಎಂದು ಗುಮಾಸ್ತ ಕೇಳಿದ.

ಅತ್ತೆ ಗಂಡನ ಹೆಸರು ಹೇಳುವಂತಿಲ್ಲ, ನಾನು ಮಾವನ ಹೆಸರು ಎತ್ತುವಂತಿಲ್ಲ.

“ಹೆಸರಿಲ್ದ ಖಾತೆ ತೆಗ್ಯಾಕ ಬರಂಗಿಲ್ರಿ, ಅವ್ವಾರ.”

ಮೋಟಾರಿನ ಸದ್ದು ನನ್ನ ಕಿವಿಗೆ ಬಿದ್ದಂತಾಯಿತು. ಅಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು, ಮದುವೆಮನೆಯಲ್ಲಿ ಹೇಳುವಂತೆ ಗಂಡನ ಹೆಸರು ಹೆಣೆದು ಒಡಪು ಹೇಳಿಯೇಬಿಟ್ಟರು: “ತೋಟದಾಗ ಚಿಗತೈತಿ ಎಲಿಬಳ್ಳಿ, ಬಸವಂತಪ್ಪನವರು ಬಂದ್ರ ಬೆಳಗತೈತಿ ಹಳ್ಳಿ!”

“ಬಳ್ಳೀನೂ ಬರೀಲೇನ್ರಿ?” ಎಂದು ನಗುತ್ತ ಗುಮಾಸ್ತ ಹೆಸರು ಬರೆದುಕೊಂಡ.

ಆಮೇಲೆ ನನ್ನ ಸಾಕ್ಷಿ ಬೇಕೆಂದು ನನ್ನ ಗಂಡನ ಹೆಸರನ್ನೂ ಕೇಳಿದ. ನಾನು ಪಾಸಾದ ಬಿ.ಎ.ಯಲ್ಲಿ ಒಡಪಿನ ಪೇಪರ್ ಇರಲಿಲ್ಲ. ಅತ್ತೆಯೇ ಮಗನ ಹೆಸರು ಹೇಳಿ ನನ್ನನ್ನು ಪಾರುಮಾಡಿದರು.