ತೊಟ್ಟು ಸಮೇತ ಹೋದ ಹೋಯಾ ಹೂ

ನಾನು ಅಡುಗೆ ಮಾಡುವ ಮನೆಯ ಮೇಡಂ ಕೊಟ್ಟಿದ್ದ ಹೋಯಾ ಬಳ್ಳಿ, ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಮನೆಯ ಗೇಟಿಗೆ ಕುಂಡದಿಂದಲೇ ಹಬ್ಬಿ, ಮೂರನೇ ವರ್ಷಕ್ಕೆ ಒಂದೇ ಒಂದು ಗೊಂಚಲು ಬಿಟ್ಟಿತ್ತು. ಮೇಣದಲ್ಲಿ ಮಾಡಿದಂಥ ಪುಟ್ಟ ನಕ್ಷತ್ರಗಳು. "ಹೂ ಉದುರಿದರೂ ತೊಟ್ಟು ಕೀಳಬೇಡ, ಮತ್ತೆ ಅದರಲ್ಲೇ ಹೂ ಬರೋದು" ಎಂದು ಮೇಡಂ ಹತ್ತು ಸಲ ಹೇಳಿದ್ದರು.

ಹಲ್ಲು ಬರುತ್ತಿದ್ದ ಮಗಳು ಎರಡು ದಿನದಿಂದ ಕಣ್ಣು ಮುಚ್ಚಲು ಬಿಟ್ಟಿರಲಿಲ್ಲ. ಅವಳನ್ನು ಸೊಂಟದಲ್ಲಿ ಹೊತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟರೆ, ವಾಕಿಂಗಿಗೆ ಬಂದ ಹಿರಿಯರೊಬ್ಬರು ಗೊಂಚಲನ್ನು ತೊಟ್ಟು ಸಮೇತ ಮುರಿದು ಕವರಿಗೆ ಹಾಕುತ್ತಿದ್ದರು. ಕವರಿನಲ್ಲಿ ಬೀದಿಯ ದಾಸವಾಳವೆಲ್ಲ ಇತ್ತು.

"ಏನ್ ಸಾರ್ ಇದು?"

"ದೇವರಿಗೆ ಕಣಮ್ಮ."

"ನಮ್ಮ ಮನೇಲೂ ದೇವರಿದಾರೆ ಸಾರ್, ಅವರಿಗೇ ನಾನು ಕಿತ್ತಿಲ್ಲ. ಮುಂದಿನ ಹೂ ಆ ತೊಟ್ಟಲ್ಲೇ ಬರೋದು."

ಅವರು ಕವರಿನೊಳಗೆ ಇಣುಕಿದರು. "ಗೊತ್ತಿರಲಿಲ್ಲ. ವಾಪಸ್ ಕೊಡ್ಲಾ?"

"ಅಂಟಿಸೋಕೆ ನನ್ನ ಹತ್ರ ಗೋಂದಿಲ್ಲ. ತಗೊಂಡೋಗಿ."

ಜಗಳಕ್ಕೂ ಶಕ್ತಿ ಬೇಕು. ನನ್ನಲ್ಲಿ ಇದ್ದದ್ದು ಮಗು ಹೊರುವಷ್ಟು ಮಾತ್ರ.

ಸಂಜೆ ಅವರೇ ಬಂದು ಗೇಟು ತಟ್ಟಿದರು. ಬಾಳೆಲೆಯ ಚೂರಿನಲ್ಲಿ ಕುಂಕುಮ, ಪಕ್ಕದಲ್ಲಿ ಬಾಡಿದ ನನ್ನದೇ ಗೊಂಚಲು.

"ಪ್ರಸಾದ ಕಣಮ್ಮ. ನಿನ್ನ ಬಳ್ಳಿ ಚೆನ್ನಾಗಿ ಹೂ ಬಿಡಲಿ ಅಂತ ಕೇಳ್ಕೊಂಡಿದ್ದೀನಿ."

ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ದೇವರು ಹೊಸ ತೊಟ್ಟು ಯಾವಾಗ ಕೊಡುತ್ತಾನೋ ಗೊತ್ತಿಲ್ಲ. ಸದ್ಯಕ್ಕೆ ಬಳ್ಳಿಯನ್ನು ಗೇಟಿನಿಂದ ಬಿಡಿಸಿ, ಕುಂಡ ಸಮೇತ ಬಚ್ಚಲ ಕಿಟಕಿಯ ಪಕ್ಕ ಇಟ್ಟಿದ್ದೇನೆ. ಅಲ್ಲಿಯ ಹೂವನ್ನು ಯಾರೂ ದೇವರಿಗೆ ಕೀಳುವುದಿಲ್ಲ.