ನಮ್ಮವರ ಎಡಗೈ ಮತ್ತು ಸಾಹೇಬರ ಕೀಬೋರ್ಡು

ಎಂಬತ್ತೈದೋ ಎಂಬತ್ತಾರೋ ಇಸವಿ ಇರಬೇಕು. ಗಣೇಶನ ಹಬ್ಬ ಇನ್ನೇನು ಹತ್ತಿರ ಬಂದಿತ್ತು. ಆಗ ನಾವು ಯಶವಂತಪುರದ ರೈಲ್ವೆ ಸ್ಟೇಷನ್ ಹಿಂದಿನ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ನಾನು ಓದಿದ್ದು ಮೂರನೇ ಕ್ಲಾಸು. ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸ. ನಮ್ಮ ಯಜಮಾನರು ಸಿದ್ದರಾಜು ಒಂದು ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು.

ಒಂದು ದಿನ ಆರ್ಕೆಸ್ಟ್ರಾದ ಓನರು ಮನೆಗೇ ಬಂದು ಹೇಳಿಬಿಟ್ಟರು. "ನೋಡು ರಾಜು, ಈಗ ಎಲ್ಲಾ ಕಡೆ ಕೀಬೋರ್ಡ್ ಕೇಳ್ತಾರೆ. ಹಾರ್ಮೋನಿಯಂ ಕಂಡ್ರೆ ಭಜನೆ ಅಂದ್ಕೊಂಡು ಎದ್ದು ಹೋಗ್ತಾರೆ. ಹಬ್ಬಕ್ಕೆ ಕೀಬೋರ್ಡ್ ತಂದ್ರೆ ನೀನಿರು. ಇಲ್ದಿದ್ರೆ ಬೇರೆಯವನನ್ನ ನೋಡ್ಕೋತೀನಿ, ತಪ್ಪು ತಿಳ್ಕೋಬೇಡ."

ಗಣೇಶನ ಹಬ್ಬವೆಂದರೆ ಆರ್ಕೆಸ್ಟ್ರಾದವರಿಗೆ ಸುಗ್ಗಿ. ಬೀದಿ ಬೀದಿಗೂ ಪೆಂಡಾಲು, ದಿನಾ ಪ್ರೋಗ್ರಾಂ. ಆಗ ಕೆಲಸ ಹೋದರೆ ಹೋದಂತೆಯೇ. ನಮ್ಮವರಿಗೆ ಬೇರೆ ಕೆಲಸವೂ ಬರುತ್ತಿರಲಿಲ್ಲ. ಒಮ್ಮೆ ಮಂಡಿಯಲ್ಲಿ ಮೂಟೆ ಹೊರುತ್ತೇನೆಂದು ಹೋಗಿ ಸೊಂಟ ಹಿಡಿಸಿಕೊಂಡು ಬಂದಿದ್ದರು. ನಾನು ಹಾಕುತ್ತಿದ್ದ ಚೀಟಿಯನ್ನು ಎತ್ತಿದೆ.

ಆರ್.ಟಿ. ನಗರದಲ್ಲಿ ಇಕ್ಬಾಲ್ ಸಾಹೇಬರು ಎಂಬುವವರಿದ್ದಾರೆ, ದುಬೈಯಲ್ಲಿ ಕೆಲಸ ಮಾಡಿ ಬಂದವರು, ದೊಡ್ಡ ದೊಡ್ಡ ಕೀಬೋರ್ಡು ತರಿಸಿ ಮಾರುತ್ತಾರೆ ಎಂದು ಯಾರೋ ಹೇಳಿದರು. ಸಿಂಥಸೈಜರ್ ಅಂತೆ. ಆ ಹೆಸರು ನನ್ನ ಬಾಯಿಗೆ ಇವತ್ತಿಗೂ ನೆಟ್ಟಗೆ ಬರುವುದಿಲ್ಲ.

ನಮ್ಮವರು ಸೊಪ್ಪಿನವಳು ಹೇಳಿದ ರೇಟಿಗೇ ಸೊಪ್ಪು ತರುವ ಗಂಡಸು. ಹಾಗಾಗಿ ನಮ್ಮಣ್ಣ ಕೆಂಪಣ್ಣನನ್ನೂ ಕರೆದುಕೊಂಡು ಹೋದೆವು. ಅವನು ದನದ ವ್ಯಾಪಾರ ಮಾಡಿ, ಆಮೇಲೆ ಮಂಡಿಯಲ್ಲಿ ದಲ್ಲಾಳಿಯಾದವನು. ಬಸ್ಸಿನಲ್ಲಿ ಉದ್ದಕ್ಕೂ ಅವನದೇ ಪಾಠ. "ಭಾವ, ನೀನು ಬಾಯಿ ಬಿಡ್ಬೇಡ. ಮಾಲು ಚೆನ್ನಾಗಿದೆ ಅಂತ ಮುಖದಲ್ಲೂ ತೋರಿಸ್ಬೇಡ. ಹುಳುಕು ತೆಗೆಯೋದು ನನಗೆ ಬಿಡು."

ಸಾಹೇಬರ ಹಜಾರದಲ್ಲಿ ಆ ಕೀಬೋರ್ಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮೇಲೆ ಜರಿಯಂಚಿನ ಹಸಿರು ಬಟ್ಟೆ. ಸಾಹೇಬರ ಹೆಂಡತಿ ಶಮೀಮ್ ಟೀ ತಂದುಕೊಟ್ಟು ನಕ್ಕರು. "ಈ ವಾರ ನೀವು ಮೂರನೇ ಪಾರ್ಟಿ ಅಕ್ಕಾ. ಇವರು ಮಾರೋಕೆ ಅಂತಾನೇ ತರಿಸ್ತಾರೆ. ಬಂದ್ಮೇಲೆ ಅದನ್ನೇ ನಿಕಾ ಮಾಡ್ಕೋತಾರೆ."

"ಬಂದವರು ಎಂಥವರು ಅದನ್ನೂ ಹೇಳು," ಎಂದರು ಸಾಹೇಬರು. "ಒಬ್ಬ ಸೇಟು ಶೋಕೇಸಲ್ಲಿ ಇಡ್ತೀನಿ ಅಂದ. ಇನ್ನೊಬ್ಬ ಒಂದು ಬೆರಳಲ್ಲಿ ಕುಟ್ಟಿದ, ಬಾಗಿಲು ತಟ್ಟಿದಂಗೆ. ಅಂಥವರಿಗೆ ಹೆಂಗೆ ಕೊಡ್ಲಿ?"

ಬಟ್ಟೆ ಸರಿಸಿ ಸ್ವಿಚ್ಚು ಹಾಕಿದರು. ಸಣ್ಣ ಸಣ್ಣ ಕೆಂಪು ದೀಪಗಳು ಹತ್ತಿದವು. ಒಂದು ಗುಂಡಿ ಒತ್ತಿದರೆ ಕೊಳಲು. ಇನ್ನೊಂದು ಒತ್ತಿದರೆ ಪಿಟೀಲು. ಒಂದು ಪಿಟೀಲಲ್ಲ, ಛತ್ರದ ತುಂಬ ಪಿಟೀಲಿನವರೇ ಕೂತಂತೆ. ಎಡಗಡೆಯ ದಪ್ಪ ಸ್ವರ ಒತ್ತಿದಾಗ ನನ್ನ ಕೈಯಲ್ಲಿದ್ದ ಟೀ ಲೋಟ ನಡುಗಿತು. ಆಮೇಲೆ ಯಾವುದೋ ತಿರುಪು ತಿರುಗಿಸಿದರು ನೋಡಿ, ಬಿರುಗಾಳಿ ಎದ್ದು ಗುಡುಗು ಹೊರಳಿತು. ನಾನು ಎದ್ದು ಕಿಟಕಿಯ ಆಚೆ ಆಕಾಶ ನೋಡಿದೆ. ಒಗೆದ ಬಟ್ಟೆ ಹರವಿ ಬಂದಿದ್ದೆನಲ್ಲ! ಹೊರಗೆ ಬಿಸಿಲು ಹೊಡೆಯುತ್ತಿತ್ತು. ಮನುಷ್ಯರು ಇಂಥದ್ದನ್ನೂ ಮಾಡುತ್ತಾರೆಯೇ ಎಂದು ನನ್ನ ಮೈ ಜುಮ್ಮೆಂದಿತು.

ನಮ್ಮಣ್ಣ ಮಾತ್ರ ಕಾಲಮೇಲೆ ಕಾಲು ಹಾಕಿಕೊಂಡು ಶುರು ಮಾಡಿದ. "ಅಲ್ಲಾ ಸಾಬ್ರೇ, ಮಾಲು ಚೆನ್ನಾಗಿ ಸವೆದಿದೆ. ಬಿಳೀ ಕೀ ಎಲ್ಲಾ ಹಳದಿ ತಿರುಗಿವೆ. ಕರೆಂಟ್ ಹೋದ್ರೆ ಇದು ಹೆಣ. ಇನ್ನು ಗಾಳಿ ಗುಡುಗು, ಅದು ಆಷಾಢದಲ್ಲಿ ಪುಕ್ಕಟೆ ಬರ್ತದೆ. ಅದಕ್ಕೂ ದುಡ್ಡು ಕೊಡ್ಬೇಕಾ?"

ಮಂಡಿಯಲ್ಲಿ ಇದು ಬೈಗುಳವಲ್ಲ, ವ್ಯಾಪಾರದ ಶಾಸ್ತ್ರ. ಮಾಲನ್ನು ಹಳಿಯದೆ ಕೊಂಡರೆ ಮಾರುವವನಿಗೇ ಅನುಮಾನ ಬರುತ್ತದೆ. ಆದರೆ ಸಾಹೇಬರು ಮಂಡಿಯವರಲ್ಲ. ಮನೆಯ ಮಗುವಿಗೆ ಯಾರೋ ಹೊಡೆದಂತೆ ಅವರ ಮುಖ ಕಪ್ಪಿಟ್ಟಿತು. ಸ್ವಿಚ್ಚು ಆರಿಸಿ ಬಟ್ಟೆ ಮುಚ್ಚಿದರು.

"ಟೀ ಕುಡಿದು ಹೊರಡಿ ಅಣ್ಣಾ. ಇದು ಮಾರೋದಿಲ್ಲ."

"ರೇಟು ಏರಿಸ್ತಾವ್ನೆ, ಎದ್ದು ಹೊರಟಂಗೆ ಮಾಡಿ," ಎಂದು ನಮ್ಮಣ್ಣ ನನ್ನ ಕಿವಿಯಲ್ಲಿ ಹೇಳಿ, ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿ ನಿಂತ. ಯಾರೂ ವಾಪಸ್ಸು ಕರೆಯಲಿಲ್ಲ. ನಮ್ಮವರು ಕೂತಲ್ಲಿಂದ ಏಳಲೂ ಇಲ್ಲ. ಕೆಲಸ ಹೋಯಿತು ಎನ್ನುವುದು ಅವರ ಮುಖದ ಮೇಲೆಯೇ ಇತ್ತು.

ನನಗೆ ನಯವಾಗಿ ಮಾತಾಡಲು ಬರುವುದಿಲ್ಲ. ಇದ್ದದ್ದನ್ನೇ ಹೇಳಿದೆ. "ಸಾಬ್ರೇ, ನಮ್ಮಣ್ಣ ಎಮ್ಮೆನೂ ಹಿಂಗೇ ಬೈತಾನೆ. ಮನೆಗೆ ಹೊಡ್ಕೊಂಡ್ ಬಂದ್ಮೇಲೆ ಮುದ್ದು ಮಾಡ್ತಾನೆ. ಇದು ಬೇಕಾಗಿರೋದು ಅವನಿಗಲ್ಲ, ಇವರಿಗೆ. ಹಬ್ಬಕ್ಕೆ ಇದಿಲ್ದಿದ್ರೆ ಇವರ ಕೆಲಸ ಹೋಗ್ತದೆ. ಒಂದ್ಸಲ ಮುಟ್ಟೋಕೆ ಬಿಡಿ. ಆಮೇಲೂ ಬೇಡ ಅಂದ್ರೆ ಹೋಗ್ತೀವಿ."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಶಮೀಮ್ ಅವರೇ "ಬಜಾನೆ ದೇವ್ ಜೀ" ಎಂದರು. ನುಡಿಸಲಿ ಬಿಡಿ ಎಂದು. ಸಾಹೇಬರು ಒಲ್ಲದ ಮನಸ್ಸಿನಿಂದ ಬಟ್ಟೆ ತೆಗೆದು, ಸ್ವಿಚ್ಚು ಹಾಕಿ, ಕೊಳಲಿನ ಗುಂಡಿ ಒತ್ತಿಕೊಟ್ಟರು.

ನಮ್ಮವರು ಎದ್ದು ಅದರ ಮುಂದೆ ನಿಂತು ಕಣ್ಣು ಮುಚ್ಚಿದರು. ಬಲಗೈ ಕೀಗಳ ಮೇಲೆ ಓಡಿತು, ಚೆನ್ನಾಗಿಯೇ ಓಡಿತು. ಎಡಗೈ ಮಾತ್ರ ಸೀದಾ ಕೀಬೋರ್ಡಿನ ಹಿಂದಕ್ಕೆ ಹೋಗಿ ಗಾಳಿ ಹಾಕತೊಡಗಿತು! ಹಾರ್ಮೋನಿಯಂ ಆದರೆ ಹಿಂದೆ ತಿದಿ ಇರುತ್ತದೆ, ಅದನ್ನು ಒತ್ತುತ್ತಲೇ ಇರಬೇಕು. ಇಲ್ಲಿ ಏನೂ ಇರಲಿಲ್ಲ. ಆದರೂ ಕೈ ಬರೀ ಗಾಳಿಯಲ್ಲಿ ಹೋಗುತ್ತಿದೆ, ಬರುತ್ತಿದೆ. ಅವರಿಗೆ ಗೊತ್ತೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮಣ್ಣ ಕಿಸಕ್ಕನೆ ನಕ್ಕ. "ಏನ್ ಭಾವ, ಸೊಳ್ಳೆ ಓಡಿಸ್ತಿದೀಯಾ?" ಶಮೀಮ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಸಾಹೇಬರು ನಗಲಿಲ್ಲ. ಹತ್ತಿರ ಬಂದು ಆ ಎಡಗೈಯನ್ನು ಗಾಳಿಯಲ್ಲೇ ಹಿಡಿದರು. ನಮ್ಮವರು ಬೆಚ್ಚಿ ಕಣ್ಣು ಬಿಟ್ಟರು.

"ಗಾಳಿ ಇದೇ ಹಾಕ್ಕೊಳ್ಳುತ್ತೆ ಅಣ್ಣಾ. ನಿಮ್ಮ ಈ ಕೈಗೆ ಬೇರೆ ಕೆಲಸ ಇದೆ," ಎಂದು ಕೀಬೋರ್ಡಿನ ಎಡಗಡೆ ಇದ್ದ ಒಂದು ಪುಟ್ಟ ಚಕ್ರದ ಮೇಲೆ ಅವರ ಹೆಬ್ಬೆರಳು ಇಟ್ಟರು. "ಈಗ ಒಂದು ಸ್ವರ ಹಿಡೀರಿ. ಹಿಡಿದುಕೊಂಡು ಇದನ್ನ ಮೆಲ್ಲಗೆ ತಳ್ಳಿ."

ತಳ್ಳಿದರು. ಸ್ವರ ಜಾರಿತು.

ಓದುವವರಿಗೆ ಇದು ಏನು ಮಹಾ ಎನ್ನಿಸಬಹುದು. ಹಾರ್ಮೋನಿಯಂ ಸ್ವರ ಮೆಟ್ಟಿಲಿದ್ದಂತೆ, ಒಂದರಿಂದ ಒಂದಕ್ಕೆ ಹತ್ತಬೇಕು, ನಡುವೆ ನಿಲ್ಲುವ ಹಾಗಿಲ್ಲ. "ಗಂಟಲು ಮಾಡೋದನ್ನ ಈ ಪೆಟ್ಟಿಗೆ ಮಾಡಲ್ಲ ಕಣೇ" ಎಂದು ನಮ್ಮವರು ಮದುವೆಯಾದಂದಿನಿಂದ ಹೇಳುತ್ತಲೇ ಇದ್ದರು. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಸ್ವರ ನೀರಿನ ಹಾಗೆ ಒಂದರಿಂದ ಇನ್ನೊಂದಕ್ಕೆ ಹರಿದುಹೋಯಿತು. ಮನುಷ್ಯನೇ ಒಳಗೆ ಕೂತು ಹಾಡಿದಂತೆ. ನಮ್ಮವರು ಇನ್ನೊಮ್ಮೆ ತಳ್ಳಿದರು, ಮತ್ತೊಮ್ಮೆ. ಆಮೇಲೆ ಅವರಿಗೆ ನಾವು ಯಾರೂ ಬೇಕಾಗಲಿಲ್ಲ. ಬಲಗೈ ಕೇಳುತ್ತಿತ್ತು, ಎಡಗೈ ಉತ್ತರ ಹೇಳುತ್ತಿತ್ತು. ನಮ್ಮಣ್ಣ ಯಾವಾಗಲೋ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಿದ್ದ. ಟೀ ಮೇಲೆ ಕೆನೆ ಕಟ್ಟಿತ್ತು. ನನ್ನ ಜೊತೆ ಅಷ್ಟು ವರ್ಷ ಬಾಳಿದ ಗಂಡಸು ಯಾರೆಂದು ನನಗೆ ಅವತ್ತು ಗೊತ್ತಾಯಿತು.

ನಿಲ್ಲಿಸಿದ ಮೇಲೆ ಸಾಹೇಬರು ಗೋಡೆಯಿಂದ ಪ್ಲಗ್ಗು ಕಿತ್ತು ವೈರು ಸುತ್ತತೊಡಗಿದರು. ಮುಗಿಯಿತು, ಕೊಡುವುದಿಲ್ಲ ಎಂದುಕೊಂಡೆ.

"ಯಾ ಅಲ್ಲಾ, ಕೊಡ್ತಿದಾರೆ!" ಎಂದರು ಶಮೀಮ್.

ನಮ್ಮಣ್ಣ ತಡಬಡಿಸಿ ಹೆಗಲ ಮೇಲಿನ ಟವಲ್ಲು ಸಾಹೇಬರ ಕೈಮೇಲೆ ಹೊದಿಸಿದ. ದನದ ವ್ಯಾಪಾರದಲ್ಲಿ ರೇಟು ಬಾಯಲ್ಲಿ ಹೇಳುವುದಿಲ್ಲ, ಟವಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಸಾಹೇಬರಿಗೆ ಅದೇನು ಗೊತ್ತು? ಇವನ ಕೈಯನ್ನು ಪೂರ್ತಿ ಹಿಡಿದು ಕುಲುಕಿ, "ನೀವು ಎಷ್ಟು ತಂದಿದೀರೋ ಅಷ್ಟು ಕೊಡಿ ಅಣ್ಣಾ" ಎಂದರು. ಅಷ್ಟು ದೊಡ್ಡ ದಲ್ಲಾಳಿ ಬಾಯಿ ತೆರೆದುಕೊಂಡು ನಿಂತ.

ಆ ಹಬ್ಬಕ್ಕೆ ನಮ್ಮವರು ಕೆಲಸ ಕಳೆದುಕೊಳ್ಳಲಿಲ್ಲ. ಮುಂದೆ ಎಷ್ಟೋ ವರ್ಷ ಅದೇ ಆರ್ಕೆಸ್ಟ್ರಾದಲ್ಲಿ ಅದನ್ನೇ ನುಡಿಸಿದರು. ಈಗ ಅವರಿಲ್ಲ. ಕೀಬೋರ್ಡೂ ಕೆಟ್ಟು ಅಟ್ಟದ ಮೇಲಿತ್ತು, ಹೋದ ವರ್ಷ ಗುಜರಿಯವನಿಗೆ ಕೊಟ್ಟೆ. ಮೊಮ್ಮಗಳು ಅತ್ತು ರಂಪ ಮಾಡಿದಳು. ಕೆಟ್ಟ ಸಾಮಾನು ಇಟ್ಟುಕೊಂಡು ಏನು ಮಾಡಲಿ? ಇರುವೆ ಗೂಡು ಕಟ್ಟಿತ್ತು.

ಮಂಡಿಯಲ್ಲಿ ಮಾರುವವರನ್ನು, ಕೊಳ್ಳುವವರನ್ನು ಜೀವಮಾನವೆಲ್ಲ ನೋಡಿದ್ದೇನೆ. ತನಗೆ ಪ್ರಾಣವಾಗಿದ್ದದ್ದು ಇನ್ನೊಬ್ಬರ ಕೈಗೇ ಸೇರಬೇಕಾದದ್ದು ಎಂದು ಕಂಡ ತಕ್ಷಣ ವೈರು ಸುತ್ತಿ ಕೊಟ್ಟವರನ್ನು ನೋಡಿದ್ದು ಅದೊಂದೇ ಸಲ. ಅನ್ನಕ್ಕೆ ಎಸರಿಟ್ಟು ನಿಂತಾಗ ಒಮ್ಮೊಮ್ಮೆ ಅದು ನೆನಪಾಗುತ್ತದೆ. ಸೊಸೆ ಬಂದು "ಅತ್ತೆ, ಎಸರು ಉಕ್ತಾ ಇದೆ" ಎನ್ನುವವರೆಗೂ ಹಾಗೇ ನಿಂತಿರುತ್ತೇನೆ.